ಇಂಗ್ಲಿಷ್ ವಿಸ್ಕಿ: ಪ್ರಶಸ್ತಿ ಬಂತು, ಈಗ ಹೆಸರಿಗಾಗಿ ಜಗಳ

ವಿಸ್ಕಿ ಎಂದ ಕೂಡಲೇ ನೆನಪಾಗುವುದು ಸ್ಕಾಟ್ಲೆಂಡ್. ಆದರೆ 2024ರ ವರ್ಲ್ಡ್ ವಿಸ್ಕೀಸ್ ಅವಾರ್ಡ್ಸ್‌ನಲ್ಲಿ ‘ವಿಶ್ವದ ಅತ್ಯುತ್ತಮ ಸಿಂಗಲ್ ಮಾಲ್ಟ್’ ಪಟ್ಟ ಒಲಿದದ್ದು ಇಂಗ್ಲೆಂಡ್‌ನ ನಾರ್ಫಕ್‌ನಲ್ಲಿ ತಯಾರಾದ ‘ದಿ ಇಂಗ್ಲಿಷ್’ ವಿಸ್ಕಿಗೆ. ಇಂದು ಇಂಗ್ಲೆಂಡ್‌ನಲ್ಲಿ 50ಕ್ಕೂ ಹೆಚ್ಚು ಡಿಸ್ಟಿಲರಿಗಳು ವಿಸ್ಕಿ ತಯಾರಿಸುತ್ತಿವೆ. ಹೆಚ್ಚಿನವು ಸಣ್ಣ ಪ್ರಮಾಣದ, ‘ಕ್ರಾಫ್ಟ್’ ಎನ್ನಿಸಿಕೊಳ್ಳುವ ಘಟಕಗಳು. ಇವುಗಳ ಮುಂದಿನ ದಾರಿ ಹೇಗಿದೆ? ಇಲ್ಲಿದೆ ವಿವರ.

ನಿಂತದ್ದು ಯಾವಾಗ, ಮರಳಿದ್ದು ಯಾವಾಗ?

ಇಂಗ್ಲೆಂಡ್‌ಗೆ ವಿಸ್ಕಿ ಹೊಸದೇನಲ್ಲ. ಆಲ್ಫ್ರೆಡ್ ಬರ್ನಾರ್ಡ್ 1887ರಲ್ಲಿ ಪ್ರಕಟಿಸಿದ ಬ್ರಿಟನ್‌ನ ವಿಸ್ಕಿ ಡಿಸ್ಟಿಲರಿಗಳ ಕುರಿತ ಗ್ರಂಥದಲ್ಲಿ ಲಂಡನ್, ಲಿವರ್‌ಪೂಲ್ ಮತ್ತು ಬ್ರಿಸ್ಟಲ್‌ನ ಒಟ್ಟು ನಾಲ್ಕು ಡಿಸ್ಟಿಲರಿಗಳ ಉಲ್ಲೇಖವಿದೆ. 20ನೇ ಶತಮಾನದ ಆರಂಭದಲ್ಲಿ ಲಂಡನ್‌ನ ಲೀ ವ್ಯಾಲಿ ಡಿಸ್ಟಿಲರಿ ಮುಚ್ಚಿದ ಮೇಲೆ ಆ ಪರಂಪರೆ ಕಡಿದುಹೋಯಿತು.

ಸುಮಾರು ನೂರು ವರ್ಷಗಳ ಬಳಿಕ, 2006ರಲ್ಲಿ ರೈತ ಕುಟುಂಬದ ಜೇಮ್ಸ್ ನೆಲ್‌ಸ್ಟ್ರಾಪ್ ಮತ್ತು ಅವರ ಮಗ ಆ್ಯಂಡ್ರ್ಯೂ ನಾರ್ಫಕ್‌ನ ರೌಡಮ್‌ನಲ್ಲಿ ವಿಸ್ಕಿಗೆಂದೇ ಡಿಸ್ಟಿಲರಿ ಕಟ್ಟಿದರು. ಸ್ಕಾಟ್ಲೆಂಡ್‌ನ ಲಫ್ರಾಯ್ಗ್‌ನಲ್ಲಿ ಕೆಲಸ ಮಾಡಿದ್ದ ಇಯಾನ್ ಹೆಂಡರ್ಸನ್ ಮೊದಲ ಭಟ್ಟಿ ಇಳಿಸಿಕೊಟ್ಟರು. ಆದರೆ ಅದನ್ನು ವಿಸ್ಕಿ ಎಂದು ಮಾರಲು 2009ರವರೆಗೆ ಕಾಯಬೇಕಾಯಿತು.

ಕಾಯುವುದೇಕೆ?

ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಅದು ಮಾಲ್ಟ್. ಅದನ್ನು ಪುಡಿಮಾಡಿ ಬಿಸಿನೀರಿನಲ್ಲಿ ಕಲಸಿದಾಗ ಸಿಹಿ ರಸ ಬರುತ್ತದೆ. ಯೀಸ್ಟ್ ಹಾಕಿ ಹುಳಿಯಲು ಬಿಟ್ಟು, ತಾಮ್ರದ ಪಾತ್ರೆಗಳಲ್ಲಿ ಸಾಮಾನ್ಯವಾಗಿ ಎರಡು ಸಲ ಭಟ್ಟಿ ಇಳಿಸುತ್ತಾರೆ. ಇದಕ್ಕೆಲ್ಲ ಕೆಲವು ದಿನ ಸಾಕು. ಆದರೆ ಬ್ರಿಟನ್ ಕಾನೂನಿನ ಪ್ರಕಾರ ಕನಿಷ್ಠ 3 ವರ್ಷ ಮರದ ಪೀಪಾಯಿಯಲ್ಲಿ ಮಾಗದಿದ್ದರೆ ಅದು ವಿಸ್ಕಿಯಲ್ಲ. ಬಾಟಲಿಗೆ ತುಂಬುವಾಗ ಆಲ್ಕೋಹಾಲ್ ಪ್ರಮಾಣ 40%ಗಿಂತ ಕಡಿಮೆ ಇರುವಂತಿಲ್ಲ.

ಅಂದರೆ ಮೂರು ವರ್ಷ ಖರ್ಚು ಮಾತ್ರ, ಆದಾಯವಿಲ್ಲ. ಈ ಅವಧಿಯಲ್ಲಿ ಹಲವರನ್ನು ಕೈಹಿಡಿದದ್ದು ಜಿನ್. ಜಿನ್‌ಗೆ ಮಾಗುವ ಅಗತ್ಯವಿಲ್ಲ, ತಯಾರಾದ ಕೂಡಲೇ ಮಾರಬಹುದು. 2014ರಲ್ಲಿ ಆರಂಭವಾದ ಕಾಟ್ಸ್‌ವೋಲ್ಡ್ಸ್ ಡಿಸ್ಟಿಲರಿ ಜಿನ್ ಮಾರುತ್ತಲೇ 2017ರಲ್ಲಿ ತನ್ನ ಮೊದಲ ವಿಸ್ಕಿ ಹೊರತಂದಿತು.

ಸ್ಕಾಚ್‌ಗಿಂತ ಭಿನ್ನ ಹೇಗೆ?

ಸ್ಕಾಚ್ ಓಕ್ ಪೀಪಾಯಿಯಲ್ಲೇ ಮಾಗಬೇಕು. ಇಂಗ್ಲೆಂಡ್‌ನಲ್ಲಿ ಮರದ ಪೀಪಾಯಿ ಎಂದಷ್ಟೇ ನಿಯಮ. ಹಾಗಾಗಿ ಚೆಸ್ಟ್‌ನಟ್‌ನಂಥ ಬೇರೆ ಮರಗಳನ್ನೂ ಬಳಸಲು ಅವಕಾಶವಿದೆ. ಆಕ್ಸ್‌ಫರ್ಡ್‌ನಲ್ಲಿ ಹಳೆಯ ತಳಿಯ ಧಾನ್ಯಗಳಿಂದ ರೈ ವಿಸ್ಕಿ ತಯಾರಿಸಿದವರಿದ್ದಾರೆ. ‘ಫೈಲಿ ಬೇ’ ವಿಸ್ಕಿ ತಯಾರಿಸುವ ಸ್ಪಿರಿಟ್ ಆಫ್ ಯಾರ್ಕ್‌ಷೈರ್ ಸಂಸ್ಥೆ ತನ್ನ ಹೊಲದ ಬಾರ್ಲಿಯನ್ನೇ ಬಳಸುತ್ತದೆ.

‘ಸಿಂಗಲ್ ಮಾಲ್ಟ್’ ವಿವಾದವೇನು?

ಇಂಗ್ಲಿಷ್ ತಯಾರಕರು 2022ರಲ್ಲಿ ಇಂಗ್ಲಿಷ್ ವಿಸ್ಕಿ ಗಿಲ್ಡ್ ಕಟ್ಟಿಕೊಂಡು ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆಗೆ ಅರ್ಜಿ ಹಾಕಿದರು. ಮೈಸೂರು ರೇಷ್ಮೆ, ನಂಜನಗೂಡು ರಸಬಾಳೆಗೆ ಇರುವಂಥದ್ದೇ ರಕ್ಷಣೆ ಇದು. ವೇಲ್ಸ್‌ನ ಸಿಂಗಲ್ ಮಾಲ್ಟ್‌ಗೆ 2023ರಲ್ಲೇ ಇದು ಸಿಕ್ಕಿದೆ.

2025ರಲ್ಲಿ ಇಂಗ್ಲಿಷ್ ಅರ್ಜಿಯ ವಿವರ ಹೊರಬಂದಾಗ ಸ್ಕಾಚ್ ವಿಸ್ಕಿ ಅಸೋಸಿಯೇಷನ್ ಆಕ್ಷೇಪ ಎತ್ತಿತು. ಸ್ಕಾಟ್ಲೆಂಡ್‌ನಲ್ಲಿ ಸಿಂಗಲ್ ಮಾಲ್ಟ್ ಎನ್ನಬೇಕಾದರೆ ಮಾಲ್ಟ್ ಕಲಸುವುದು, ಹುಳಿಸುವುದು, ಭಟ್ಟಿ ಇಳಿಸುವುದು ಮೂರೂ ಒಂದೇ ಡಿಸ್ಟಿಲರಿಯಲ್ಲಿ ನಡೆಯಬೇಕು. ಇಂಗ್ಲಿಷ್ ಪ್ರಸ್ತಾವದ ಪ್ರಕಾರ ಭಟ್ಟಿ ಇಳಿಸುವುದು ಒಂದೇ ಕಡೆಯಾದರೆ ಸಾಕು. ಇದು ಸಿಂಗಲ್ ಮಾಲ್ಟ್‌ನ ಬೆಲೆಯನ್ನೇ ಕುಗ್ಗಿಸುತ್ತದೆ ಎಂಬುದು ಸ್ಕಾಟ್ಲೆಂಡ್‌ನವರ ವಾದ.

ಇಂಗ್ಲೆಂಡ್‌ನ ಸಣ್ಣ ತಯಾರಕರ ಲೆಕ್ಕ ಬೇರೆ. ಕೆಲವರು ಹತ್ತಿರದ ಬಿಯರ್ ಘಟಕದಲ್ಲಿ ಹುಳಿಸಿದ ರಸವನ್ನು ತಂದು ಭಟ್ಟಿ ಇಳಿಸುತ್ತಾರೆ. ಯಾರ್ಕ್‌ಷೈರ್‌ನಲ್ಲಿ ನಡೆದು ಬಂದಿರುವ ಪದ್ಧತಿಯೂ ಇದೇ. ಸ್ಕಾಟ್ಲೆಂಡ್‌ನ ನಿಯಮವನ್ನೇ ಹೇರಿದರೆ ಇಂಥವರು ಹೊಸ ಯಂತ್ರಗಳಿಗೆ ಹಣ ಸುರಿಯಬೇಕು, ಇಲ್ಲವೇ ಆ ಹೆಸರು ಬಿಡಬೇಕು. ನಿಯಮ ತೀರಾ ಸಡಿಲವಾದರೆ ಗ್ರಾಹಕರ ನಂಬಿಕೆಗೇ ಪೆಟ್ಟು. ಇಡೀ ಜಗಳದ ತಿರುಳು ಇಷ್ಟೇ.

ಭಾರತಕ್ಕೇನು ಸಂಬಂಧ?

ಸ್ಕಾಟ್ಲೆಂಡ್‌ನ ಹೊರಗಿನ ವಿಸ್ಕಿಯನ್ನೂ ಜಗತ್ತು ಒಪ್ಪುತ್ತದೆ ಎಂದು ತೋರಿಸಿದವರಲ್ಲಿ ಬೆಂಗಳೂರಿನ ಅಮೃತ್ ಕೂಡ ಒಂದು. 2004ರಲ್ಲಿ ಅದು ತನ್ನ ಸಿಂಗಲ್ ಮಾಲ್ಟ್ ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡ್‌ನ ಗ್ಲಾಸ್ಗೋದಲ್ಲಿ! ಬೆಂಗಳೂರಿನ ಹವೆಯಲ್ಲಿ ಪೀಪಾಯಿಯಿಂದ ವರ್ಷಕ್ಕೆ 10ರಿಂದ 12% ಆವಿಯಾಗುತ್ತದೆ, ವಿಸ್ಕಿ ಬೇಗ ಮಾಗುತ್ತದೆ. ಸ್ಕಾಟ್ಲೆಂಡ್‌ನಲ್ಲಿ ಆವಿಯಾಗುವುದು ಸುಮಾರು 2%.

2025ರ ಜುಲೈನಲ್ಲಿ ಸಹಿ ಬಿದ್ದ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದದ ಪ್ರಕಾರ ಬ್ರಿಟನ್ ವಿಸ್ಕಿಯ ಮೇಲಿನ 150% ಆಮದು ಸುಂಕ ಮೊದಲು 75%ಗೆ, ಹತ್ತನೇ ವರ್ಷಕ್ಕೆ 40%ಗೆ ಇಳಿಯಬೇಕು. ಇದು ಸ್ಕಾಚ್‌ಗೆ ಮಾತ್ರವಲ್ಲ, ಇಂಗ್ಲಿಷ್ ವಿಸ್ಕಿಗೂ ಅನ್ವಯ. ಆದರೆ ರಾಜ್ಯಗಳ ಅಬಕಾರಿ ತೆರಿಗೆ ಪ್ರತ್ಯೇಕ. ಹಾಗಾಗಿ ಮುಂಬೈ, ದೆಹಲಿ, ಚೆನ್ನೈಗಳಲ್ಲಿ ಬೆಲೆ ಒಂದೇ ಆಗಿರದು.

ಮುಂದೇನು?

ತವರಿನಲ್ಲಿ ತೆರಿಗೆಯ ಹೊರೆ ಭಾರೀ ಇದೆ. 2023ರ ಆಗಸ್ಟ್‌ನಲ್ಲಿ ಬ್ರಿಟನ್ ಮದ್ಯದ ಸುಂಕವನ್ನು 10.1% ಏರಿಸಿತು. 2025ರ ಫೆಬ್ರವರಿಯಲ್ಲಿ ಅದು ಶುದ್ಧ ಆಲ್ಕೋಹಾಲ್‌ನ ಲೀಟರ್‌ಗೆ 32.79 ಪೌಂಡ್ ತಲುಪಿತು. ಆ ದರದಲ್ಲಿ 40% ಸಾಂದ್ರತೆಯ 700 ಮಿ.ಲೀ. ಬಾಟಲಿಗೆ ಸುಂಕವೇ 9 ಪೌಂಡ್ ದಾಟುತ್ತದೆ. ಸಣ್ಣ ತಯಾರಕರಿಗೆಂದು ಇರುವ ರಿಯಾಯಿತಿ 8.5%ಗಿಂತ ಕಡಿಮೆ ಆಲ್ಕೋಹಾಲ್ ಇರುವ ಪಾನೀಯಗಳಿಗೆ ಸೀಮಿತ. ಬಿಯರ್‌ನವರಿಗೆ ಅದು ಸಿಗುತ್ತದೆ, ವಿಸ್ಕಿಯವರಿಗಿಲ್ಲ.

ಹೀಗಾಗಿ ಎಲ್ಲರೂ ಉಳಿಯುವುದು ಕಷ್ಟ. ಕಂಬ್ರಿಯಾದ ಲೇಕ್ಸ್ ಡಿಸ್ಟಿಲರಿಯನ್ನು 2024ರಲ್ಲಿ ವೈನ್ ತಯಾರಕ ನೈಟಿಂಬರ್ ಕೊಂಡುಕೊಂಡಿತು. ದೀರ್ಘಕಾಲ ಕಾಯುವ ಶಕ್ತಿ ದೊಡ್ಡ ಬಂಡವಾಳಕ್ಕಿದೆ. ಸಣ್ಣವರಿಗೆ ಉಳಿದಿರುವ ಆಸರೆ ತಮ್ಮ ಊರಿನ ಬಾರ್ಲಿ, ತಮ್ಮದೇ ಪ್ರಯೋಗ ಮತ್ತು ‘ಇಂಗ್ಲಿಷ್’ ಎಂಬ ಹೆಸರು. ಇಂದು ಪೀಪಾಯಿಗೆ ಇಳಿದದ್ದು ಅಂಗಡಿಗೆ ಬರಲು ಕನಿಷ್ಠ ಮೂರು ವರ್ಷ ಬೇಕು. ಅಷ್ಟರೊಳಗೆ ಆ ಹೆಸರಿನ ಅರ್ಥ ಇತ್ಯರ್ಥವಾಗುವುದು ಅವರಿಗೆ ಪ್ರಶಸ್ತಿಗಿಂತ ಮುಖ್ಯ.

(ಗಮನಿಸಿ: ಮದ್ಯಪಾನ ಆರೋಗ್ಯಕ್ಕೆ ಹಾನಿಕರ. ಈ ಬರಹ ಮಾಹಿತಿಗಾಗಿ ಮಾತ್ರ.)