ಸ್ಮರಣೆಯ ದಿನದ ಅರಿಶಿನದೆಲೆ ಕಡುಬು

ಅಗಲಿದವರನ್ನು ಅನ್ನದ ಮೂಲಕ ನೆನೆಯುವುದು ಕ್ರೈಸ್ತ ಜಗತ್ತಿನ ಪುರಾತನ ಸಂಪ್ರದಾಯ. ಕ್ಲೂನಿ ಮಠದ ಅಧಿಪತಿಗಳಾದ ಸಂತ ಓಡಿಲೊರವರು 10ನೆಯ ಶತಮಾನದ ಕೊನೆಯಲ್ಲಿ ನವೆಂಬರ್ 2ನ್ನು ಸಮಸ್ತ ಮೃತರ ಸ್ಮರಣೆಗೆ ಮೀಸಲಿರಿಸಿದರು. ಇಂಗ್ಲೆಂಡಿನಲ್ಲಿ ಈ ಕಾಲಕ್ಕೆ ಸಿಹಿರೊಟ್ಟಿ ಬೇಯಿಸಿ ಬಡವರಿಗೆ ಹಂಚುತ್ತಿದ್ದರು. ಪಡೆದವರು ಆ ಮನೆಯ ಮೃತರಿಗಾಗಿ ಪ್ರಾರ್ಥಿಸುತ್ತಿದ್ದರು. ಪೋರ್ಚುಗಲ್ಲಿನ ಮಕ್ಕಳು ನವೆಂಬರ್ 1ರಂದು ದೇವರ ಹೆಸರಿನಲ್ಲಿ ಮನೆಮನೆಯಲ್ಲೂ ರೊಟ್ಟಿ ಬೇಡುತ್ತಿದ್ದರು.

ಗೋವಿನಕೋವಿಯ ನಮ್ಮ ಮನೆಯಲ್ಲಿ ಆ ಸ್ಥಾನ ಅರಿಶಿನದೆಲೆಯ ಕಡುಬಿಗೆ ಸಂದಿದೆ. ನಮ್ಮ ಹಿರಿಯರು ಕರಾವಳಿಯಿಂದ ಘಟ್ಟ ಹತ್ತಿ ಬಂದವರು. ಕರಾವಳಿಯಲ್ಲಿ ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನ್ಮದಿನದಂದು, ಹೊಸ ತೆನೆಯನ್ನು ಆಶೀರ್ವದಿಸಿ, ಕಾಳನ್ನು ಹಾಲಿನಲ್ಲಿ ಬೆರೆಸಿ ಮನೆಮಂದಿಯೆಲ್ಲ ಸೇವಿಸುತ್ತಾರೆ. ಹರಿಹರದ ಆರೋಗ್ಯಮಾತೆಯ ಉತ್ಸವವೂ ಅದೇ ದಿನ. ಆದರೆ ಭದ್ರಾ ನಾಲೆಯ ಈ ಸೀಮೆಯಲ್ಲಿ ನಾಟಿ ತಡ. ಸೆಪ್ಟೆಂಬರಿನಲ್ಲಿ ಗದ್ದೆ ಇನ್ನೂ ಹಸಿರಾಗಿಯೇ ಇರುತ್ತದೆ. ಆದುದರಿಂದ ನಮ್ಮ ಅಜ್ಜಿಯವರು ಹೊಸ ಕಾಳಿನ ಸಿಹಿಯನ್ನು ನವೆಂಬರ್ 2ಕ್ಕೆ ಇಟ್ಟುಕೊಂಡರು.

ಇದಕ್ಕೆ ಇನ್ನೊಂದು ಕಾರಣವನ್ನೂ ಅವರು ಹೇಳುತ್ತಿದ್ದರು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅಳಿದವರು ಅನೇಕರು. 1799ರಲ್ಲಿ ಬಿಡುಗಡೆ ಹೊಂದಿ ಮರಳಿದವರಿಗೆ, ಅಳಿದವರ ಸಮಾಧಿಗೆ ಹೂವಿಡುವ ಭಾಗ್ಯವಿರಲಿಲ್ಲ. “ಸಮಾಧಿ ಇಲ್ಲದವರಿಗೆ ಎಲೆಯಾದರೂ ಇರಲಿ” ಎಂಬುದು ಅಜ್ಜಿಯವರ ಮಾತು. ಮೊದಲ ಎಲೆಯ ಕಡುಬು ಮನೆಯವರಿಗಲ್ಲ, ಹೊರಗಿನವರಿಗೆ ಎಂಬುದು ಅವರು ವಿಧಿಸಿದ ನಿಯಮ.

ಈ ಪಾಕವನ್ನು ಯಾರೂ ಬರೆದಿಡಲಿಲ್ಲ. ನಮ್ಮ ತಾಯಿಯವರು ದೈವಾಧೀನರಾದ ವರ್ಷ ನಾವೇ ಮಾಡಹೊರಟೆವು. ಹಿಟ್ಟು ನೀರಾಗಿ ಎಲೆಯಿಂದ ಜಾರಿಹೋಯಿತು. ಅವರನ್ನು ನೆನೆಯಬೇಕಾದ ದಿನವೇ ಅವರ ಕೈರುಚಿ ಕಳೆದುಹೋಯಿತೆಂದು ಕಣ್ಣೀರು ತಂದುಕೊಂಡೆವು. ಆಗ ನೆರವಾದವರು ನೆರೆಮನೆಯ ವೃದ್ಧೆ. ಅವರು ನಮ್ಮ ಮತದವರಲ್ಲ. ಆದರೆ ವರ್ಷವರ್ಷವೂ ಮೊದಲ ಎಲೆ ಪಡೆಯುತ್ತಿದ್ದವರು, ಒರಳಿನ ಬಳಿ ತಾಯಿಯವರೊಡನೆ ಕುಳಿತವರು. “ನಿಮ್ಮವ್ವ ಇಷ್ಟು ನೀರು ಹಾಕ್ತಿರ್ಲಿಲ್ಲ ಕಣವ್ವ” ಎಂದು ಸೆರಗು ಸಿಕ್ಕಿಸಿ ಕುಳಿತೇಬಿಟ್ಟರು. ನಾವು ಹೊರಗೆ ಕೊಟ್ಟದ್ದು ಹೊರಗಿನಿಂದಲೇ ನಮಗೆ ಮರಳಿತು.

ಅವರು ಹೇಳಿದ ಕ್ರಮ ಹೀಗಿದೆ: 2 ಪಾವು ಅಕ್ಕಿಯನ್ನು ನೆನೆಸಿ, ಹಿಡಿಯಷ್ಟು ಹೊಸ ಕಾಳು ಸೇರಿಸಿ, ಉಪ್ಪು ಹಾಕಿ ಗಟ್ಟಿಯಾಗಿ ರುಬ್ಬಬೇಕು. ಅರಿಶಿನದೆಲೆಯ ಮೇಲೆ ತೆಳುವಾಗಿ ಸವರಿ, 1 ತೆಂಗಿನಕಾಯಿಯ ತುರಿ, ಬೆಲ್ಲ, ಏಲಕ್ಕಿಗಳ ಹೂರಣವಿರಿಸಿ, ಎಲೆ ಮಡಚಿ ಅರ್ಧ ಗಂಟೆ ಹಬೆಯಲ್ಲಿ ಬೇಯಿಸಬೇಕು.

ಇಂದು ಈ ಸೀಮೆಯ ಎಷ್ಟೋ ಗದ್ದೆಗಳು ಅಡಿಕೆ ತೋಟಗಳಾಗಿವೆ. ಮಕ್ಕಳು ದೂರದ ನಗರಗಳಲ್ಲಿದ್ದಾರೆ. ಶತಮಾನೋತ್ಸವದ ಈ ಸಂಚಿಕೆಯಲ್ಲಿ ಪಾಕವನ್ನು ಅಚ್ಚಿಗೆ ಕೊಟ್ಟಿರುವುದು ಅದಕ್ಕಾಗಿಯೇ. ಪ್ರಿಯ ಧರ್ಮಬಂಧುಗಳೇ, ಮಾಡುವವರು ಮೊದಲ ಎಲೆಯ ನಿಯಮವನ್ನು ಮಾತ್ರ ಮರೆಯದಿರಿ.