ಹುಲ್ಲಿನಿಂದ ಹೂವಿನ ಪರಿಮಳ

ಯೂರೋಪಿನ ಶ್ರೀಮಂತರು ಮೆಚ್ಚಿದ್ದ ವಯೊಲೆಟ್ ಹೂವಿನ ಸುಗಂಧಕ್ಕೂ ಕೇರಳದ ಗುಡ್ಡಗಳ ಮಜ್ಜಿಗೆ ಹುಲ್ಲಿಗೂ ನಂಟಿದೆ ಎಂದರೆ ಅಚ್ಚರಿಯಾದೀತು. ನಿಂಬೆಯ ವಾಸನೆಯ ಈ ಹುಲ್ಲನ್ನು ಬಟ್ಟಿ ಇಳಿಸಿದರೆ ಸಿಗುವ ಎಣ್ಣೆಯಲ್ಲಿ ಸುಮಾರು ಶೇ. 70ರಿಂದ 80 ಭಾಗ ಸಿಟ್ರಲ್. ನಿಂಬೆಯ ಪರಿಮಳಕ್ಕೆ ಕಾರಣವೇ ಅದು. ಕೊಚ್ಚಿ ಬಂದರಿನಿಂದ ಹಡಗೇರುತ್ತಿದ್ದ ಈ ಎಣ್ಣೆಗೆ ‘ಕೊಚ್ಚಿ ಎಣ್ಣೆ’ ಎಂದೇ ಹೆಸರಾಯಿತು.

1893ರಲ್ಲಿ ಜರ್ಮನಿಯ ಫರ್ಡಿನಾಂಡ್ ಟೀಮನ್ ಮತ್ತು ಪೌಲ್ ಕ್ರ್ಯೂಗರ್ ಸಿಟ್ರಲನ್ನು ಅಸಿಟೋನ್ ಜತೆ ಸಂಯೋಗಿಸಿ, ಆಮ್ಲದಿಂದ ಸಂಸ್ಕರಿಸಿ ಅಯೊನೋನ್ ಪಡೆದರು. ಅದಕ್ಕೆ ವಯೊಲೆಟ್ ಹೂವಿನದೇ ಪರಿಮಳ! ರಾಶಿ ಹೂಗಳಿಂದ ತೆಗೆಯಬೇಕಿದ್ದ ದುಬಾರಿ ಸುಗಂಧ ಸಾಬೂನಿಗೂ ಎಟುಕಿತು. ಹುಲ್ಲಿನ ಎಣ್ಣೆಗೆ ಬೇಡಿಕೆ ಏರಿತು.

ಮುಂದೆ ಕಾರ್ಖಾನೆಗಳು ಪೆಟ್ರೋಲಿಯಂ ಮೂಲದ ಕಚ್ಚಾವಸ್ತುಗಳಿಂದಲೇ ಸಿಟ್ರಲ್ ತಯಾರಿಸತೊಡಗಿದವು. ಗುಡ್ಡದ ಬೆಳೆಗಾರನ ಮಾರುಕಟ್ಟೆ ಕುಗ್ಗಿತು. ಹುಲ್ಲಿಗೆ ಬೆಲೆ ತಂದ ರಸಾಯನ ವಿಜ್ಞಾನವೇ ಅದನ್ನು ಕಸಿದುಕೊಂಡಿತು.