ಒಂದಾಣೆಯ ಬಾಬ್ತು: ಮದರಾಸು ಕಾರ್ಪೊರೇಷನ್ ಶಾಲೆಗಳ ಆಯವ್ಯಯದ ಚರಿತ್ರೆ

ಚೆನ್ನೈ ನಗರದಲ್ಲಿ ಸ್ವಂತ ಮನೆಯುಳ್ಳ ಕನ್ನಡಿಗರು ಆರು ತಿಂಗಳಿಗೊಮ್ಮೆ ಕಾರ್ಪೊರೇಷನ್ನಿಗೆ ಆಸ್ತಿ ತೆರಿಗೆಯನ್ನು ಸಲ್ಲಿಸುತ್ತಾರೆ. ಅದರಲ್ಲಿ ಒಂದು ಭಾಗ ಸಾಮಾನ್ಯ ತೆರಿಗೆ, ಇನ್ನೊಂದು ಭಾಗ ವಿದ್ಯಾ ತೆರಿಗೆ. ಒಟ್ಟು ಮೊತ್ತವನ್ನಷ್ಟೇ ನೋಡಿ ಹಣ ಕಟ್ಟುವ ನಮಗೆ ಈ ಎರಡನೆಯ ಭಾಗ ಕಣ್ಣಿಗೆ ಬೀಳುವುದು ಅಪೂರ್ವ. ಆದರೂ ತಮ್ಮ ಮಕ್ಕಳನ್ನು ಖಾಸಗಿ ಶಾಲೆಗೆ ಕಳುಹಿಸುವವರು ಸಹ ಈ ಮಾರ್ಗವಾಗಿ ನಗರದ ಬಡಮಕ್ಕಳ ಶಾಲೆಗಳಲ್ಲಿ ಪಾಲುದಾರರಾಗಿದ್ದಾರೆ. ಈ ತೆರಿಗೆ ಹೇಗೆ ಹುಟ್ಟಿತು, ಅದನ್ನು ನೆಚ್ಚಿದ ಶಾಲೆಗಳು ಏನನ್ನು ಸಾಧಿಸಿದವು, ಎಲ್ಲಿ ಎಡವಿದವು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

1920 ರ ಮದರಾಸು ಪ್ರಾಥಮಿಕ ವಿದ್ಯಾಭ್ಯಾಸ ಶಾಸನವೇ ಈ ತೆರಿಗೆಯ ಮೂಲ. ಸ್ಥಳೀಯ ಸಂಸ್ಥೆಗಳು ಸರ್ಕಾರದ ಅನುಮತಿ ಪಡೆದು ವಿದ್ಯಾಭ್ಯಾಸಕ್ಕೆಂದೇ ತೆರಿಗೆ ವಿಧಿಸಬಹುದು. ಸರ್ಕಾರವೂ ತನ್ನ ಪಾಲಿನ ವಂತಿಗೆಯನ್ನು ಸೇರಿಸಬೇಕು. ಹೀಗೆ ಕೂಡಿದ ಹಣ ಪ್ರತ್ಯೇಕ ನಿಧಿಯಾಗಿ ಶಾಲೆಗಳಿಗೇ ಸಲ್ಲಬೇಕು. ಇದು ಆ ಶಾಸನದ ಸಾರ. ಈ ಶಾಸನ ತಮಿಳು ಜಿಲ್ಲೆಗಳಿಗೆ ಮಾತ್ರ ಸೇರಿದ್ದೆಂದು ವಾಚಕರು ಭಾವಿಸಬಾರದು. ಬಳ್ಳಾರಿ ಜಿಲ್ಲೆಯೂ ದಕ್ಷಿಣ ಕನ್ನಡ ಜಿಲ್ಲೆಯೂ ಕೊಳ್ಳೇಗಾಲವೂ ಆಗ ಮದರಾಸು ಪ್ರಾಂತಕ್ಕೇ ಸೇರಿದ್ದವು. ಮಂಗಳೂರಿನ ಶಾಲೆಗೂ ಮೈಲಾಪುರದ ಶಾಲೆಗೂ ಅನ್ವಯಿಸುತ್ತಿದ್ದ ಕಾನೂನು ಒಂದೇ. 1953 ರಲ್ಲಿ ಬಳ್ಳಾರಿಯ ಬಹುಭಾಗ, 1956 ರಲ್ಲಿ ಕಾಸರಗೋಡನ್ನು ಬಿಟ್ಟು ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ ಮೈಸೂರು ರಾಜ್ಯವನ್ನು ಸೇರಿದ ಮೇಲೆ ಈ ಸಂಬಂಧ ಸಡಿಲವಾಯಿತು. 1961 ರಲ್ಲಿ ಆ ರಾಜ್ಯಕ್ಕೆಲ್ಲ ಒಂದೇ ಕಡ್ಡಾಯ ಪ್ರಾಥಮಿಕ ಶಿಕ್ಷಣ ಶಾಸನ ಬಂದಿತು. ಹಳೆಯ ಮೈಸೂರು ಸಂಸ್ಥಾನವಂತೂ 1941 ರಲ್ಲಿಯೇ ಪ್ರಾಥಮಿಕ ಶಿಕ್ಷಣದ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಂದ ಹಿಂದಕ್ಕೆ ಪಡೆದಿತ್ತು. ಅಲ್ಲಿ ಶಾಲೆ ಸರ್ಕಾರದ್ದಾಯಿತು. ಇಲ್ಲಿ, ಈ ನಗರದಲ್ಲಿ, ಅದು ಊರಿನದಾಗಿಯೇ ಉಳಿಯಿತು.

ಆ ಶಾಸನದ ವರ್ಷದಲ್ಲಿಯೇ ಮದರಾಸು ಕಾರ್ಪೊರೇಷನ್ ಒಂದು ಸ್ಮರಣೀಯ ಕಾರ್ಯವನ್ನು ಕೈಗೊಂಡಿತು. ಜಸ್ಟಿಸ್ ಪಕ್ಷದ ಧುರೀಣರಾದ ಪಿ. ತ್ಯಾಗರಾಯ ಚೆಟ್ಟಿಯವರು ಆಗ ಅದರ ಅಧ್ಯಕ್ಷರು. ಥೌಸಂಡ್ ಲೈಟ್ಸ್ ಪ್ರದೇಶದ ಕಾರ್ಪೊರೇಷನ್ ಶಾಲೆಗೆ ಬರುವ ಮಕ್ಕಳು ಕಡುಬಡವರು. ಹಸಿವಿನಿಂದಾಗಿ ಶಾಲೆಯ ಸಂಖ್ಯೆಯೇ ಕುಗ್ಗುತ್ತಿದೆಯೆಂಬುದು ಅವರ ವಾದ. 1920 ರ ಸೆಪ್ಟೆಂಬರಿನಲ್ಲಿ ಕೌನ್ಸಿಲು ಆ ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಉಪಾಹಾರವನ್ನು ಮಂಜೂರು ಮಾಡಿತು. ವೆಚ್ಚ ಮಗುವೊಂದಕ್ಕೆ ದಿನಕ್ಕೆ ಒಂದಾಣೆ ಮೀರಬಾರದೆಂಬ ಕಟ್ಟಳೆಯೂ ಇತ್ತು. ಮುಂದೆ ಇನ್ನೂ ನಾಲ್ಕು ಶಾಲೆಗಳಿಗೆ ಈ ಏರ್ಪಾಡು ಹಬ್ಬಿತು.

ಫಲವೇನಾಯಿತೆಂಬುದನ್ನು ಅಂಕಿಗಳೇ ಹೇಳುತ್ತವೆ. 1922-23 ರಲ್ಲಿ ಈ ಐದು ಶಾಲೆಗಳ ಮಕ್ಕಳ ಸಂಖ್ಯೆ 811. 1924-25 ರಲ್ಲಿ 1,671. ಎರಡು ವರ್ಷಗಳಲ್ಲಿ 860 ಮಕ್ಕಳು ಹೆಚ್ಚಿದರು. ಇಷ್ಟೂ ಹೆಚ್ಚಳ ಊಟದಿಂದಲೇ ಆಯಿತೆಂದು ಸಾಧಿಸುವುದು ದುಸ್ಸಾಹಸ. ಆದರೆ ಲೆಕ್ಕದ ಪುಸ್ತಕಗಳ ನಡುವೆ ಆಯುಷ್ಯ ಕಳೆಯುವ ನನ್ನಂಥವನಿಗೆ ಒಂದು ಗಣಿತ ಹೊಳೆಯದಿರದು. ಎಲ್ಲರೂ ಉಂಡರೆಂದೇ ಇಟ್ಟುಕೊಂಡರೂ 1,671 ಆಣೆ ಎಂದರೆ 104 ರೂಪಾಯಿ 7 ಆಣೆ. ಹೊಸದಾಗಿ ಸೇರಿದ 860 ಮಕ್ಕಳ ಪಾಲು ದಿನಕ್ಕೆ 53 ರೂಪಾಯಿ 12 ಆಣೆ. ಇಷ್ಟು ಅಗ್ಗದಲ್ಲಿ ಇಷ್ಟು ಮಕ್ಕಳನ್ನು ಶಾಲೆಗೆ ತಂದ ಉದಾಹರಣೆ ವಿರಳವೆಂದೇ ಹೇಳಬೇಕು.

ಆದರೂ 1925 ರ ಏಪ್ರಿಲ್ 1 ರಿಂದ ಊಟ ನಿಂತುಹೋಯಿತು. ಹಣ ಮುಗಿದುದರಿಂದಲ್ಲ. ಪ್ರಾಥಮಿಕ ವಿದ್ಯಾಭ್ಯಾಸದ ನಿಧಿಯಿಂದ ಅನ್ನಕ್ಕೆ ವೆಚ್ಚ ಮಾಡುವುದನ್ನು ಸರ್ಕಾರ ಒಪ್ಪಲಿಲ್ಲ. ಹಲಗೆ, ಬಳಪ, ಉಪಾಧ್ಯಾಯರ ಸಂಬಳ ಇವು ವಿದ್ಯೆಯ ಬಾಬ್ತು; ಅನ್ನ ಬೇರೆ ಬಾಬ್ತು. ನಿಯಮದ ದೃಷ್ಟಿಯಿಂದ ಇದರಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ಒಂದು ಉದ್ದೇಶಕ್ಕೆ ಮೀಸಲಾದ ಹಣವನ್ನು ಇನ್ನೊಂದಕ್ಕೆ ಬಳಸಬಾರದೆಂಬುದು ನಮ್ಮ ವೃತ್ತಿಯಲ್ಲಿಯೂ ಮೊದಲ ಪಾಠ. ಆದರೆ ಮಗು ಶಾಲೆಗೆ ಬಾರದಿದ್ದರೆ ಹಲಗೆ ಬಳಪಗಳ ವೆಚ್ಚವೂ ವ್ಯರ್ಥವೇ ತಾನೆ? ಲೆಕ್ಕ ಸರಿಯಾಯಿತು, ಉದ್ದೇಶ ಕೆಟ್ಟಿತು. ಕಾರ್ಪೊರೇಷನ್ ಮತ್ತೆ ಮತ್ತೆ ಮನವಿ ಮಾಡಿಕೊಂಡ ಮೇಲೆ ಊಟ ಪುನಃ ಪ್ರಾರಂಭವಾದರೂ ಅದು ಕಡುಬಡವರಾದ ಮಕ್ಕಳಿಗಷ್ಟೇ ಸೀಮಿತವಾಗಿತ್ತು.

ಈ ವಿವಾದಕ್ಕೆ ಕೊನೆಯ ತೀರ್ಪು ನೀಡಿದುದು ಕಾಲ. ಕಾಮರಾಜರ ಆಡಳಿತದಲ್ಲಿ, 1956 ರಲ್ಲಿ, ಮಧ್ಯಾಹ್ನದ ಊಟ ರಾಜ್ಯದ ಯೋಜನೆಯಾಯಿತು. 1982 ರಲ್ಲಿ ಎಂ. ಜಿ. ರಾಮಚಂದ್ರನ್ ಅವರು ಅದನ್ನು ಪೌಷ್ಟಿಕ ಆಹಾರ ಯೋಜನೆಯಾಗಿ ವಿಸ್ತರಿಸಿದರು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002 ರಲ್ಲಿ ಪ್ರಾರಂಭವಾಯಿತು. 2022 ರ ಸೆಪ್ಟೆಂಬರಿನಲ್ಲಿ ತಮಿಳುನಾಡಿನ ಆಯ್ದ ಶಾಲೆಗಳಲ್ಲಿ ಬೆಳಗಿನ ಉಪಾಹಾರ ತೊಡಗಿ, 2023 ರ ಆಗಸ್ಟಿನಲ್ಲಿ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಹಬ್ಬಿತು. 1925 ರಲ್ಲಿ ವಿದ್ಯೆಯ ಬಾಬ್ತಿನಲ್ಲಿ ಸ್ಥಳ ಸಿಗದ ಅನ್ನಕ್ಕೆ ಇಂದು ಶಾಲೆಯಲ್ಲಿ ಪ್ರಶ್ನಾತೀತವಾದ ಸ್ಥಾನವಿದೆ.

ಇನ್ನು ಬೊಕ್ಕಸದ ವಿಷಯ. ಮೀಸಲು ತೆರಿಗೆಯಲ್ಲಿ ಒಂದು ಭದ್ರತೆಯೂ ಒಂದು ದೌರ್ಬಲ್ಯವೂ ಉಂಟು. ಶಾಲೆಯ ಹಣ ಚರಂಡಿಗೆ ಹರಿದುಹೋಗದೆಂಬುದು ಭದ್ರತೆ. ಆಸ್ತಿಯ ಬೆಲೆ ಕಟ್ಟುವ ಕ್ರಮ ಜಡವಾದರೆ ಶಾಲೆಯ ಆದಾಯವೂ ಜಡವಾಗುತ್ತದೆಂಬುದು ದೌರ್ಬಲ್ಯ. ಈ ನಗರದಲ್ಲಿ 1998 ರಲ್ಲಿ ಪರಿಷ್ಕೃತವಾದ ಆಸ್ತಿ ತೆರಿಗೆ ಇಪ್ಪತ್ತು ವರ್ಷ ಹಾಗೆಯೇ ನಿಂತಿತು. 2018 ರ ಏರಿಕೆಯನ್ನು ಮರುವರ್ಷ ತಡೆಹಿಡಿಯಲಾಯಿತು. ನೆಲೆಯಾದ ಪರಿಷ್ಕರಣ ಬಂದುದು 2022 ರಲ್ಲಿ. ಅಷ್ಟರಲ್ಲಿ ಉಪಾಧ್ಯಾಯರ ಸಂಬಳವಾಗಲಿ ಇಟ್ಟಿಗೆ ಸಿಮೆಂಟುಗಳ ಬೆಲೆಯಾಗಲಿ ನಿಂತಿರಲಿಲ್ಲ. ಅಲ್ಲದೆ 1973 ರಿಂದ 1996 ರ ವರೆಗೆ ಇಲ್ಲಿ ಚುನಾಯಿತ ಕೌನ್ಸಿಲೇ ಇರಲಿಲ್ಲ. 2016 ರಿಂದ 2022 ರ ವರೆಗೂ ಹಾಗೆಯೇ. ಒಂದಾಣೆಯ ಊಟವನ್ನು ಕೇಳಿದುದು ಕೌನ್ಸಿಲಿನ ಸಭೆ. ಆ ಸಭೆಯೇ ಇಲ್ಲದಿದ್ದಾಗ ಬಡಾವಣೆಯ ಶಾಲೆಯ ಪರವಾಗಿ ಮಾತೆತ್ತುವವರು ಯಾರು?

2011 ರಲ್ಲಿ 42 ಸ್ಥಳೀಯ ಸಂಸ್ಥೆಗಳನ್ನು ಸೇರಿಸಿಕೊಂಡು ಕಾರ್ಪೊರೇಷನ್ನಿನ ವಿಸ್ತಾರ 174 ಚದರ ಕಿಲೋಮೀಟರಿನಿಂದ 426 ಕ್ಕೆ ಏರಿತು. ಸೇರಿದ ಪ್ರದೇಶಗಳ ಸರ್ಕಾರಿ ಶಾಲೆಗಳು ಮಾತ್ರ ಬಹುಕಾಲ ರಾಜ್ಯದ ವಿದ್ಯಾ ಇಲಾಖೆಯಲ್ಲಿಯೇ ಉಳಿದವು. ಒಂದು ದಶಕದ ಬಳಿಕ ನೂರಕ್ಕೂ ಮಿಕ್ಕ ಶಾಲೆಗಳು ಕಾರ್ಪೊರೇಷನ್ನಿಗೆ ಹಸ್ತಾಂತರವಾಗಿ ಒಟ್ಟು ಸಂಖ್ಯೆ 400 ನ್ನು ಮೀರಿತು. ಪ್ರಾಥಮಿಕ ತರಗತಿಗಳಿಗೆಂದು ಹುಟ್ಟಿದ ವ್ಯವಸ್ಥೆ ಇಂದು ಹನ್ನೆರಡನೆಯ ತರಗತಿಯವರೆಗೆ ಬೆಳೆದಿದೆ. ವೈದ್ಯಕೀಯ ವ್ಯಾಸಂಗದಲ್ಲಿ ಸರ್ಕಾರಿ ಶಾಲೆಯ ವಿದ್ಯಾರ್ಥಿಗಳಿಗೆ 2020 ರಲ್ಲಿ ದೊರೆತ ಶೇಕಡಾ 7.5 ರ ಮೀಸಲು ಕಾರ್ಪೊರೇಷನ್ ಶಾಲೆಗಳಿಗೂ ಸಲ್ಲುತ್ತದೆ. ಇದು ಅಲ್ಪ ಸಾಧನೆಯಲ್ಲ.

ಆದರೆ ಸಾಧನೆಗೆ ತಕ್ಕ ಗೌರವ ಈ ಶಾಲೆಗಳಿಗೆ ದೊರೆತಿಲ್ಲ. ಅನುಕೂಲವಿದ್ದವರು ಖಾಸಗಿ ಆಂಗ್ಲ ಮಾಧ್ಯಮದ ಶಾಲೆಗೆ ಸರಿದರು. ಉಳಿದವರು ಬೇರೆ ಗತಿ ಇಲ್ಲದವರು ಎಂಬ ಭಾವನೆ ಬೇರೂರಿತು. ಹಣ ಕೊಡುವವನ ಮಗು ಓದದ ಶಾಲೆಯ ಲೆಕ್ಕವನ್ನು ಹಣ ಕೊಡುವವನು ಕೇಳುವುದಿಲ್ಲ. ಕನ್ನಡಿಗರಾದ ನಾವೂ ಈ ಮಾತಿಗೆ ಹೊರತಲ್ಲ. 2006 ರ ತಮಿಳು ಕಲಿಕೆಯ ಶಾಸನದಿಂದ ಭಾಷಾ ಅಲ್ಪಸಂಖ್ಯಾತರ ಶಾಲೆಗಳಿಗೆ ಒದಗಿದ ತೊಡಕನ್ನು ಕುರಿತು ನಾವು ಚರ್ಚಿಸಿದ್ದೇವೆ. ಅದು ಯುಕ್ತವೂ ಹೌದು. ಆದರೆ ನಾವೇ ತೆರಿಗೆ ಕಟ್ಟುವ, ನಮ್ಮ ಬೀದಿಯ ತುದಿಯಲ್ಲಿಯೇ ಇರುವ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ, ಎಷ್ಟು ಮಂದಿ ಉಪಾಧ್ಯಾಯರಿದ್ದಾರೆ ಎಂದು ನಮ್ಮಲ್ಲಿ ಎಷ್ಟು ಜನ ವಿಚಾರಿಸಿದ್ದೇವೆ?

ಊರಿನ ಶಾಲೆ ಊರಿನವರ ತೆರಿಗೆಯಿಂದ ನಡೆಯಬೇಕೆಂದು ವಿಧಿಸಿದವರು ತೆರಿಗೆಯೊಡನೆ ಊರಿನವರ ಗಮನವೂ ಬರುವುದೆಂದು ನಂಬಿದ್ದರು. ತೆರಿಗೆ ಬಂದಿದೆ, ಗಮನ ಬರಬೇಕಾಗಿದೆ. ಮುಂದಿನ ಅರ್ಧವರ್ಷದ ತೆರಿಗೆ ಕಟ್ಟುವಾಗ ವಾಚಕರು ವಿದ್ಯಾ ತೆರಿಗೆಯನ್ನೂ ಅದು ಸಲ್ಲುವ ಶಾಲೆಯನ್ನೂ ಒಮ್ಮೆ ನೆನೆದರೆ ಈ ಲೇಖನದ ಶ್ರಮ ಸಾರ್ಥಕ.